ಭಾವನ ತಲೆ ಎಣಿಕೆ

ನಮ್ಮ ಭಾವನನ್ನು ಮದುವೆಗೆ ಕರೆಯುವವರು ಒಮ್ಮೆ ಯೋಚಿಸುವುದು ಒಳ್ಳೆಯದು. ಅಕ್ಷತೆ ಹಾಕುವ ಮೊದಲೇ ಅವರು ಛತ್ರದಲ್ಲಿರುವ ತಲೆಗಳನ್ನೆಲ್ಲ ಎಣಿಸಿ, ಪಾಯಸ ಸಾಲುವುದಿಲ್ಲವೆಂದು ಬೀಗರ ಎದೆ ನಡುಗಿಸಿರುತ್ತಾರೆ! ತಿಪಟೂರು–ಹುಳಿಯಾರು ಬಸ್ಸಿನಲ್ಲಿ ಕಂಡಕ್ಟರಾಗಿ ಆಯಸ್ಸು ಕಳೆದವರು. ನಿವೃತ್ತಿ ಕೆಲಸಕ್ಕಾಯಿತೇ ಹೊರತು ಕಣ್ಣಿಗಾಗಲಿಲ್ಲ. ಸಾವಿನ ಮನೆಯಲ್ಲೂ ಎಣಿಸುತ್ತಾರೆ. ಪಕ್ಕದಲ್ಲಿ ಕೂತ ನನ್ನ ಅಕ್ಕ ತೊಡೆ ಚಿವುಟುತ್ತಾಳೆ, ಅಷ್ಟೇ.

ಹೋದ ವರ್ಷ ನಮ್ಮೂರನ್ನು ಸ್ಮಾರ್ಟ್ ಮಾಡಲು ಒಂದು ಕಂಪನಿ ಬಂತು. ಯಾವ ಬೀದಿಗೆ ದೀಪ ಬೇಕೆಂದು ಇನ್ನು ಕಂಪ್ಯೂಟರೇ ತೀರ್ಮಾನಿಸುವುದಂತೆ. ಮೊಬೈಲಿನಲ್ಲಿ ಹೆಚ್ಚು ದೂರು ಬಂದ ಕಡೆಗೆ ಮೊದಲ ದೀಪ. ನಮ್ಮ ಬಡಾವಣೆಯವರು ಬೆರಳಿಗೆ ಬಿಡುವು ಕೊಡದೆ ದೂರಿದೆವು. ಕಂಬಕ್ಕೆರಡು ದೀಪ ಬಂದವು. ಬೆಳಕಿಗೆ ನಿದ್ದೆ ಬರುತ್ತಿಲ್ಲವೆಂದು ಈಗ ಮತ್ತೆ ದೂರುತ್ತಿದ್ದೇವೆ!

ಕೊಬ್ಬರಿ ಗೋದಾಮುಗಳ ಹಿಂದಿನ ಓಣಿಯಿಂದ ಮಾತ್ರ ಒಂದು ದೂರೂ ಹೋಗಲಿಲ್ಲ. ಚಿಪ್ಪು ಬಿಡಿಸುವ ಕೆಲಸಕ್ಕೆ ಹೆಂಗಸರು ನಸುಕಿನಲ್ಲೇ ಹೋಗುವ ದಾರಿ ಅದು. ಅವರಲ್ಲಿ ಅಂಥ ಫೋನು ಯಾರಿಗಿದೆ? ಕಂಪ್ಯೂಟರು ಆ ಓಣಿಗೆ 'ತೊಂದರೆಯಿಲ್ಲ' ಎಂದು ಹಸಿರು ಬಣ್ಣ ಬಳಿದು ಕೂತಿತು. ಅದೇ ವಾರ ಒಬ್ಬಾಕೆ ಕತ್ತಲಲ್ಲಿ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಳು.

ಭಾವ ಕಂಪನಿಯ ಕಚೇರಿಗೆ ಹೋದರು. ಅಲ್ಲಿದ್ದ ಎಂಜಿನಿಯರ್ ಹೆಣ್ಣುಮಗಳು, ಮೊಬೈಲುಗಳ ಲೆಕ್ಕದ ಪ್ರಕಾರ ಆ ಓಣಿಯಲ್ಲಿ ಜನರೇ ಓಡಾಡುವುದಿಲ್ಲ ಎಂದಳು. ಕಂಡಕ್ಟರಿಗೆ ಇದಕ್ಕಿಂತ ಅವಮಾನ ಉಂಟೇ? ಮರುದಿನ ಬೆಳಗಿನ ಐದಕ್ಕೆ ಓಣಿಯ ಮೂಲೆಯಲ್ಲಿ ಕುರ್ಚಿ, ಮಫ್ಲರು, ನೋಟ್‌ಪುಸ್ತಕ ಸಮೇತ ಭಾವ ಪ್ರತ್ಯಕ್ಷ. ಪೊಲೀಸಿನವನೆಂದು ಹೆದರಿದ ಹೆಂಗಸರು ಬೇರೆ ದಾರಿ ಹಿಡಿದರು. ಎಣಿಕೆ ಸೊನ್ನೆ! ಎರಡನೆಯ ದಿನದಿಂದ ಅಕ್ಕನನ್ನೂ ಜೊತೆಗೆ ಕೂರಿಸಿಕೊಂಡರು.

ತಿಂಗಳಾದ ಮೇಲೆ ಕಚೇರಿಗೆ ಪುಸ್ತಕ ಒಯ್ದರೆ, ಆ ಹೆಂಗಸರ ಹೆಸರು, ಫೋನ್ ನಂಬರು, ಫೋಟೋ ಇಲ್ಲದೆ ಕಂಪ್ಯೂಟರು ಒಪ್ಪುವುದಿಲ್ಲ ಎಂಬ ಉತ್ತರ. ಬೇಕಾದರೆ ಓಣಿಗೊಂದು ಕ್ಯಾಮೆರಾ ಹಾಕೋಣವೆಂದಳು ಎಂಜಿನಿಯರ್. ಭಾವ ಪುಸ್ತಕ ಮುಚ್ಚಿದರು.

"ನೋಡವ್ವ, ನಿಮ್ ಬೀದಿಗೆ ದೀಪ ಹಾಕ್ವಾಗ ನಿನ್ ಫೋಟೋ ಕೇಳಿದ್ರಾ? ಇವ್ರು ಕೇಳ್ತಿರೋದು ಕಾಲಿಡೋಕೆ ಬೆಳಕು. ಅದಕ್ಕೆ ಮುಖ ಯಾಕ್ ಕೊಡ್ಬೇಕು?"

ಮರುದಿನ ನಸುಕಿಗೆ ಆಕೆ ಸ್ಕೂಟರಿನಲ್ಲಿ ಬಂದು, ಅಕ್ಕನ ಪಕ್ಕ ನಿಂತು ತಾನೂ ಎಣಿಸಿದಳು. ಆಕೆಯ ಲೆಕ್ಕಕ್ಕೂ ಭಾವನ ಲೆಕ್ಕಕ್ಕೂ ಎರಡು ತಲೆ ವ್ಯತ್ಯಾಸ. ಭಾವ ಕಂಕುಳಿನ ಕೂಸುಗಳನ್ನೂ ಸೇರಿಸಿದ್ದರು! ದೂರು ಬಾರದ ಬೀದಿಗಳನ್ನು ಯಾರಾದರೂ ಹೋಗಿ ಕಣ್ಣಾರೆ ನೋಡಿಯೇ ಲೆಕ್ಕ ಕೊಡಬೇಕೆಂದು ಆಕೆ ಮೇಲಿನವರೊಂದಿಗೆ ಜಗಳವಾಡಿ ನಿಯಮ ಬದಲಿಸಿದಳು. ಓಣಿಗೆ ದೀಪ ಬಂತು. ಕ್ಯಾಮೆರಾ ಬರಲಿಲ್ಲ.

ದೀಪ ಹತ್ತಿದ ಮೊದಲ ಬೆಳಗ್ಗೆ ನಾನೂ ಹೋಗಿ ಪಕ್ಕದಲ್ಲಿ ಕೂತಿದ್ದೆ. ಆ ಬಿಳಿ ಬೆಳಕಿನಲ್ಲಿ ಭಾವನ ಕಾಲುಗಳು ಕಂಡವು. ಅವಸರದಲ್ಲಿ ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿ ಬಂದಿದ್ದರು. ಇವರಿಗೆ ಇಷ್ಟು ವಯಸ್ಸಾದದ್ದು ಯಾವಾಗ? ಹೆಂಗಸರೆಲ್ಲ ಹೋಗಿಯಾಗಿತ್ತು. ಚಳಿಯಾಗುತ್ತಿದೆ, ಮನೆಗೆ ಹೋಗೋಣ ಎಂದೆ.

"ತಡಿ ಕಣಪ್ಪ. ಇನ್ನೊಬ್ಳು ಬರ್ಬೇಕು."

ಬಹಳ ಹೊತ್ತಿನ ಮೇಲೆ ಆಕೆ ಬಂದಳು. ಚರಂಡಿಗೆ ಬಿದ್ದು ಮುರಿದ ಕಾಲು ಕೂಡಿದ ಮೇಲೆ ಅವತ್ತೇ ಮೊದಲು ಕೆಲಸಕ್ಕೆ ಹೊರಟಿದ್ದಳು. ಕೋಲೂರಿ, ನೆಲ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದಳು. ಭಾವ ಕುರ್ಚಿಯಿಂದ ಎದ್ದರು. ಆಕೆ ಗೋದಾಮಿನ ಬಾಗಿಲು ಸೇರುವವರೆಗೂ ಕೂರಲಿಲ್ಲ.

ನನ್ನ ಕೈಲೂ ಕೂರಲಾಗಲಿಲ್ಲ.