ಗೂಬೆಯ ಬಾಗಿಲಲ್ಲಿ ಇಲಿಯನ್ನು ನಿಲ್ಲಿಸಿ ಹೋದವರಿಗೆ

ಮಾನ್ಯ ಎಎಎ ಅವರೇ,

ತಮಗೂ ತಮ್ಮ ಎರಡೂ ಹೆಬ್ಬೆರಳುಗಳಿಗೂ ಸಾಷ್ಟಾಂಗ ನಮಸ್ಕಾರಗಳು. ತಾವು ಎಲ್ಲಿದ್ದೀರೋ, ಗಂಡೋ ಹೆಣ್ಣೋ, ಒಂದೂ ನನಗೆ ತಿಳಿಯದು. ಹೆಸರೇನೆಂದು ವಿಡಿಯೋ ಗೇಮು ಕೇಳಿದ್ದಕ್ಕೆ ಅಕ್ಷರ ಹುಡುಕುವ ಗೋಜಿಗೂ ಹೋಗದೆ ಒಂದೇ ಗುಂಡಿಯನ್ನು ಮೂರು ಸಲ ಒತ್ತಿ ಎಎಎ ಆಗಿ ಮುಂದೆ ನಡೆದ ತಮ್ಮ ಅವಸರ ನೋಡಿದರೆ, ತಾವು ಬಹಳ ದೊಡ್ಡ ಕೆಲಸದಲ್ಲಿರುವವರೇ ಇರಬೇಕು.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ತಾವು ಮಾರಿದ ಅಂಗೈಯಗಲದ ವಿಡಿಯೋ ಗೇಮ್ ಯಂತ್ರವನ್ನು, ಬೆನ್ನಿಗೆ ಸಿಕ್ಕಿಸಿದ್ದ ಇಲಿಯ ಆಟದ ಕ್ಯಾಸೆಟ್ಟಿನ ಸಮೇತ, ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಪುಣ್ಯವಂತ. "ಬಟನ್ ಎಲ್ಲಾ ಗಟ್ಟಿ ಸಾರ್, ಹಳೇ ಕಾಲದ ಮಾಲು" ಎಂದು ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ತಾವು ಜಾಮ್ ತಿಂದ ಕೈಯಲ್ಲೇ ಆಡಿದ್ದರ ಫಲವಾಗಿ ಎಡಗಡೆಯ ಗುಂಡಿ ಒಮ್ಮೆ ಒಳಗೆ ಹೋದರೆ ಹೊರಗೆ ಬರಲು ಒಪ್ಪುವುದೇ ಇಲ್ಲ. ಬ್ಯಾಟರಿಯ ಮುಚ್ಚಳವನ್ನು ತಾವು ನೆನಪಿಗೆಂದು ಇಟ್ಟುಕೊಂಡಿರುವುದರಿಂದ ಅಲ್ಲಿಗೆ ಹೆಂಡತಿಯ ಜಡೆಯ ರಬ್ಬರ್ ಬ್ಯಾಂಡು ಸುತ್ತಿದ್ದೇನೆ. ಪರದೆಗೆ ಸ್ವಂತ ಬೆಳಕಿಲ್ಲವಾದ್ದರಿಂದ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೊಕ್ಕರೆಯಂತೆ ಕತ್ತು ಬಗ್ಗಿಸಿ ಆಡುತ್ತೇನೆ. ಇದ್ಯಾವುದರ ಬಗ್ಗೆಯೂ ನನ್ನ ದೂರಿಲ್ಲ.

ದೂರು ತಮ್ಮ ಇಲಿಯ ಬಗ್ಗೆ. ಆಟವನ್ನು ಉಳಿಸಿಡಲು ಅದರಲ್ಲಿರುವುದು ಒಂದೇ ಒಂದು ಜಾಗ. ಆ ಜಾಗದಲ್ಲಿ ತಮ್ಮ ಇಲಿ ಕೊಡೆ ಬಿಚ್ಚಿಕೊಂಡು, ತೊಂಬತ್ತೊಂಬತ್ತು ಜೀವಗಳನ್ನು ಗಂಟು ಕಟ್ಟಿಕೊಂಡು, ಕೊನೆಯ ಕೋಟೆಯಲ್ಲಿ ದೈತ್ಯ ಗೂಬೆಯ ಬಾಗಿಲ ಮುಂದೆ ನಿಂತಿದೆ. ಹಳ್ಳಗಳನ್ನು ಹಾರಿ, ತೇಲುವ ಹಲಗೆಗಳನ್ನು ಏರಿ ಅಷ್ಟು ದೂರ ಹೋದವರು, ಬಾಗಿಲನ್ನೂ ತಟ್ಟದೆ ಯಂತ್ರವನ್ನೇ ಮಾರಿಬಿಟ್ಟಿರಲ್ಲ, ಆ ಸಂಯಮಕ್ಕೆ ಏನೆನ್ನಲಿ! ಹೊಸ ಸೋಫಾದ ಪ್ಲಾಸ್ಟಿಕ್ಕು ಹರಿದೀತೆಂದು ನೆಲದ ಮೇಲೆ ಕೂರುವವರನ್ನು ಕಂಡಿದ್ದೇನೆ. ಜೀವಗಳನ್ನೇ ಹಾಗೆ ಜೋಪಾನ ಮಾಡಿದವರನ್ನು ಕಂಡದ್ದು ಇದೇ ಮೊದಲು.

ನನ್ನ ಇಲಿ ಏಳುತ್ತ ಬೀಳುತ್ತ ಆಟದ ನಡುದಾರಿಯ ಹಿಮಬೆಟ್ಟ ತಲುಪಿದಾಗ, ಆಟ ಉಳಿಸಲು ಹೋದರೆ, ಹಳೆಯದನ್ನು ಅಳಿಸಲೇ ಎಂಬ ಪ್ರಶ್ನೆ ಬರುತ್ತದೆ. ನಾನು ಹೂಂ ಅನ್ನುವಷ್ಟರಲ್ಲಿ ಹೆಂಡತಿ, "ಪಾಪ, ಯಾರೋ ಅಷ್ಟು ಕಷ್ಟಪಟ್ಟು ಬಂದು ನಿಂತಿದಾರೆ, ಅಳಿಸೋಕೆ ಮನಸ್ಸಾದ್ರೂ ಹೇಗೆ ಬರುತ್ತೆ ನಿಮಗೆ?" ಎಂದು ಕೈ ಹಿಡಿಯುತ್ತಾಳೆ. ನನ್ನ ಮೆಚ್ಚಿನ ಅಂಗಿಯನ್ನು ಕೇಳದೆ ನೆಲ ಒರೆಸಲು ಹಾಕಿದ ಮಹಾತಾಯಿ ಇವಳೇ. ಹೀಗಾಗಿ ದಿನವೂ ಮೊದಲನೆಯ ಹಳ್ಳದಿಂದ ಹೊರಟು, ಹಿಮಬೆಟ್ಟದಲ್ಲಿ ಬ್ಯಾಟರಿ ಪ್ರಾಣ ಬಿಟ್ಟೊಡನೆ ಎದ್ದು ಬರುತ್ತೇನೆ. ತಮ್ಮ ಇಲಿಯನ್ನೇ ಮುಂದೆ ಆಡಿಸಬಹುದಲ್ಲ ಎನ್ನಬೇಡಿ; ಇನ್ನೊಬ್ಬರು ಗೆದ್ದುಕೊಟ್ಟ ದಾರಿಯ ತುದಿಯಲ್ಲಿ ನಿಂತು ಗೂಬೆ ಹೊಡೆಯುವ ಶೌರ್ಯ ನನಗೆ ಬೇಡ.

ಇಷ್ಟಕ್ಕೆಲ್ಲ ಇಷ್ಟು ಗಲಾಟೆಯೇ ಎಂದು ತಾವು ನಗಬಹುದು. ಸ್ವಾಮಿ, ನಾನಿರುವುದು ಅತ್ತೆಯ ಮನೆಯಲ್ಲಿ. ಬಾಗಿಲ ಹಿಂದಿನ ಗೂಟದಲ್ಲಿ ತೀರಿಕೊಂಡ ಮಾವನವರ ಕೋಟು, ಕಪಾಟಿನ ಕೆಳಗೆ ಅವರ ಬೂಟು, ನಡುಮನೆಯಲ್ಲಿ ಅವರ ಕೈಕುರ್ಚಿ. ಆ ಕುರ್ಚಿಯಲ್ಲಿ ಕೂರಬಾರದೆಂದು ಯಾರೂ ಹೇಳಿಲ್ಲ, ಆದರೆ ಯಾರೂ ಕೂರುವುದೂ ಇಲ್ಲ. ಮದುವೆಯಾದಂದಿನಿಂದ ನಾನು ಸ್ಟೂಲಿನವನು. ಈ ಪುಟ್ಟ ಯಂತ್ರದೊಳಗಾದರೂ ನನ್ನದೆಂಬ ಒಂದು ಜಾಗ ಸಿಕ್ಕೀತೆಂದು ಆಸೆಪಟ್ಟರೆ, ಅಲ್ಲೂ ತಾವು ಮೊದಲೇ ಬಂದು ನಿಂತಿದ್ದೀರಿ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಹೊಟ್ಟೆ ಉರಿಯುತ್ತದೆ.

ಆದಕಾರಣ ತಾವು ದಯಮಾಡಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಗೂಬೆಯನ್ನು ಹೊಡೆದು, ತಮ್ಮ ಇಲಿಯನ್ನು ಕರೆದುಕೊಂಡು ಹೋಗಬೇಕಾಗಿ ವಿನಂತಿ. ಪುರುಸೊತ್ತಿಲ್ಲದಿದ್ದರೆ ಗೂಬೆಗೇ ಒಂದು ಮಾತು ಹೇಳಿ, ಅದೇ ಬಾಗಿಲು ತೆರೆದು ಬಂದು ತಮ್ಮ ಇಲಿಯನ್ನು ಸಾವಕಾಶವಾಗಿ ತೊಂಬತ್ತೊಂಬತ್ತು ಸಲ ತಿನ್ನುವ ಏರ್ಪಾಡಾಗಲಿ. ಬಂದರೆ ಬ್ಯಾಟರಿಯ ಮುಚ್ಚಳ ಮರೆಯಬೇಡಿ. ಹೆಂಡತಿ ರಬ್ಬರ್ ಬ್ಯಾಂಡು ವಾಪಸು ಕೇಳುತ್ತಿದ್ದಾಳೆ.

ಹಿಮಬೆಟ್ಟದಲ್ಲೇ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಸ್ಟೂಲಿನವನು

ವಿ.ಸೂ.: ತಾವು ಬರುವ ತೊಂದರೆ ತಪ್ಪಿದೆ. ಕಾಲು ಉಳುಕಿಸಿಕೊಂಡು ಬೇಸರದಲ್ಲಿದ್ದ ಅತ್ತೆ ನಿನ್ನೆ ಯಂತ್ರವನ್ನು ಕೈಗೆತ್ತಿಕೊಂಡು, ಮೊದಲ ಹಳ್ಳ ದಾಟಿದ ಸಂಭ್ರಮಕ್ಕೇ ಆಟ ಉಳಿಸಲು ಹೋಗಿ, ಆ ಹಾಳು ಪ್ರಶ್ನೆ ಬಂದೊಡನೆ, "ಹೂಂ, ಅಳಿಸು, ಎದ್ದು ಹೋದೋರಿಗೆ ಎಷ್ಟು ದಿನ ಅಂತ ಜಾಗ ಕಾಯೋದು" ಎಂದು ಗುಂಡಿ ಒತ್ತಿಬಿಟ್ಟರು. ತಮ್ಮ ಇಲಿ, ಕೊಡೆ, ಜೀವಗಳ ಗಂಟು, ಎಲ್ಲ ಗೋವಿಂದ. ಹೆಸರು ಕೇಳಿದಾಗ ಅವರೂ ಒಂದೇ ಗುಂಡಿಯನ್ನು ಮೂರು ಸಲ ಒತ್ತಿದ್ದರಿಂದ ನನ್ನ ಜಾಗದಲ್ಲಿ ಈಗಲೂ ಎಎಎ ಅವರೇ ಇದ್ದಾರೆ. ಮೇಲಿನ ದೂರೆಲ್ಲ ಅವರಿಗೂ ಸಲ್ಲುತ್ತದೆ, ಓದಿ ಹೇಳುವ ಧೈರ್ಯ ಮಾತ್ರ ನನಗಿಲ್ಲ. ಬೆಳಕು ಬೇಕೆಂದು ಸ್ಟೂಲನ್ನೂ ಅವರೇ ಹಿಡಿದಿದ್ದಾರೆ. ಎಲ್ಲಿ ಕೂರಲೆಂದು ತಿಳಿಯದೆ ನಾನು ನಿಂತೇ ಇದ್ದಾಗ, ಪರದೆಯಿಂದ ತಲೆಯೆತ್ತದೆ, "ಬೆಳಕಿಗೆ ಅಡ್ಡ ನಿಲ್ಬೇಡಿ, ಅಲ್ಲಿ ಕುರ್ಚಿ ಖಾಲಿ ಇದೆಯಲ್ಲ" ಎಂದರು. ಕೂತೆ. ಈ ವಿಶೇಷ ಸೂಚನೆಯನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ. ಕುರ್ಚಿಯ ಎಡಗೈ ಸ್ವಲ್ಪ ಅಲುಗಾಡುತ್ತದೆ. ಆ ದೂರನ್ನು ಮಾವನವರಿಗೇ ಪ್ರತ್ಯೇಕವಾಗಿ ಬರೆದುಕೊಳ್ಳುತ್ತೇನೆ, ತಾವು ಮಧ್ಯೆ ಬರಬೇಕಾಗಿಲ್ಲ.