ನಿಜಗುಣಪ್ಪನವರ ಸ್ವರಬೀಗ

"ಈಗ ಕದೀಲಿ ನೋಡೋಣ, ಯಾರು ಕದೀತಾರೆ!" ಎನ್ನುತ್ತ ನಿಜಗುಣಪ್ಪನವರು ಮೇಜಿನ ಮೇಲಿದ್ದ ಹೊದಿಕೆಯನ್ನು ಸರಕ್ಕನೆ ಎಳೆದರು.

ಹೊದಿಕೆ ಎಂದರೆ ಅವರ ಹೆಂಡತಿ ಶಾಂಭವಿ ಕುಚ್ಚು ಕಟ್ಟಲು ಇಟ್ಟುಕೊಂಡಿದ್ದ ಗಿರಾಕಿಯ ರೇಷ್ಮೆ ಸೀರೆ! ಅದರ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಆಕೆಯ ಕಣ್ಣು ಯಂತ್ರದ ನೆತ್ತಿಯ ಮೇಲೆ ಬಿತ್ತು.

"ರೀ, ಅದು ನನ್ನ ಇಡ್ಲಿ ತಟ್ಟೆ!"

"ಆಗಿತ್ತು. ಈಗ ಅದು ಆಂಟೆನಾ."

ತಟ್ಟೆಯ ಕೆಳಗೆ ಹಳೆಯ ಕಪ್ಪು ಟೆಲಿಫೋನಿನ ರಿಸೀವರ್, ಅದರ ಕೆಳಗೆ ಸ್ಪೀಕರ್, ಪಕ್ಕದಲ್ಲಿ ಕೆಂಪು, ಹಸಿರು ಎರಡು ದೀಪ, ಒಂದು ಗುಂಡಿ. ಹೆಸರು ಸ್ವರಬೀಗ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ನಿಜಗುಣಪ್ಪನವರು ಹೀಗೆ ಏನಾದರೊಂದು ಕಂಡುಹಿಡಿಯುತ್ತಲೇ ಇದ್ದರು, ಶಾಂಭವಿ ಅದರಿಂದ ಚೇತರಿಸಿಕೊಳ್ಳುತ್ತಲೇ ಇದ್ದಳು.

ಆಕೆ ಕೇಳಿದ್ದು ಬಹಳ ಸಣ್ಣ ಕೆಲಸ. ಮೊಬೈಲಿನಲ್ಲಿ ಹಾಡು ಕೇಳುವ ಆ್ಯಪ್ ಇದೆಯಲ್ಲ, ಅದರ ಪಾಸ್‌ವರ್ಡ್ ಬದಲಾಯಿಸಿ ಕೊಡಿ ಎಂದಿದ್ದಳು, ಅಷ್ಟೇ. ಆದರೆ ಆ ಸಣ್ಣ ಕೆಲಸದ ಹಿಂದೆ ದೊಡ್ಡ ಸಂಕಟವಿತ್ತು. ಅತ್ತೆ ಮರಿಬಸಮ್ಮನವರಿಗೆ ಮರೆವಿನ ಕಾಯಿಲೆ. ಮಗ ಯಾರು, ಸೊಸೆ ಯಾರು, ಊಟ ಆಯಿತೋ ಇಲ್ಲವೋ ಎಲ್ಲ ಕಲಸಿಹೋಗಿತ್ತು. ತಟ್ಟೆ ಮುಂದಿಟ್ಟರೆ ತಳ್ಳಿಬಿಡುತ್ತಿದ್ದರು. ಒಂದು ಹಳೆಯ ನಾಟಕದ ಹಾಡು ಹಾಕಿದರೆ ಮಾತ್ರ, ಹಾರ್ಮೋನಿಯಂ ಶುರುವಾಗುತ್ತಲೇ ಅವರ ಬಾಯಿ ತೆರೆದುಕೊಳ್ಳುತ್ತಿತ್ತು. ಹಾಡು ನಡುವೆ ನಿಂತಿತೋ, ಬಾಯಿಯೂ ಮುಚ್ಚಿತು. ಆಮೇಲೆ ಎಷ್ಟು ಗೋಗರೆದರೂ ಒಂದು ಅಗುಳು ಒಳಗೆ ಹೋಗುತ್ತಿರಲಿಲ್ಲ. "ಹೀಗೇ ತೂಕ ಇಳೀತಾ ಹೋದ್ರೆ ಮೂಗಿಗೆ ಟ್ಯೂಬ್ ಹಾಕ್ಬೇಕಾಗುತ್ತೆ ಕಣಮ್ಮ" ಎಂದು ಡಾಕ್ಟರು ಹೇಳಿದ ಮೇಲೆ ಶಾಂಭವಿಗೆ ಊಟದ ಹೊತ್ತು ಬಂತೆಂದರೆ ಭಯವಾಗುತ್ತಿತ್ತು.

ಹಾಡು ನಡುವೆ ನಿಲ್ಲಲು ಕಾರಣ ಇಡೀ ಬೀದಿ. ಒಂದು ಖಾತೆಯಲ್ಲಿ ಒಂದು ಸಲಕ್ಕೆ ಒಂದೇ ಕಡೆ ಹಾಡು ಬರುವುದು. ಎದುರುಮನೆಯ ಸುಕನ್ಯಾ ಹೊಟ್ಟೆ ಕರಗಿಸುವ ಕುಣಿತಕ್ಕೆ ಹಾಡು ಹಾಕಿದರೆ ಇಲ್ಲಿ ಅತ್ತೆಯ ಹಾಡು ಬಂದ್! ಮೂಲೆಯಂಗಡಿಯ ಟೈಲರ್ ಇಲಿಯಾಸ್ ಸಾಹೇಬರು ಹಳೆಯ ಹಿಂದಿ ಹಾಡು ಹಾಕಿದರೆ ಅಲ್ಲಿ ಸುಕನ್ಯಾಳ ಕುಣಿತ ಬಂದ್! ಇವರಿಗೆಲ್ಲ ಪಾಸ್‌ವರ್ಡ್ ಕೊಟ್ಟವರು ಯಾರು? ಯಾರೂ ಅಲ್ಲ. ನಿಜಗುಣಪ್ಪನವರು ಇಟ್ಟಿದ್ದು ತಮ್ಮ ಮನೆಯ ಹಳೆಯ ಲ್ಯಾಂಡ್‌ಲೈನ್ ನಂಬರು. ಅರಸೀಕೆರೆ ಸ್ಟೇಷನ್ ಹಿಂದಿನ ಆ ಬೀದಿಗೆ ಒಂದು ಕಾಲದಲ್ಲಿ ಇದ್ದದ್ದು ಅದೊಂದೇ ಫೋನು. ಬೀದಿಯ ಎಲ್ಲರ ಮದುವೆ ಕಾರ್ಡಿನಲ್ಲೂ ಅದೇ ನಂಬರು ಅಚ್ಚಾಗಿ ಪಕ್ಕದಲ್ಲಿ ಪಿ.ಪಿ., ಅಂದರೆ ಪಕ್ಕದ ಮನೆಯ ಫೋನು, ಎಂದಿರುತ್ತಿತ್ತು. ಹುಟ್ಟಿದ ಸುದ್ದಿ, ಸತ್ತ ಸುದ್ದಿ, ಗಂಡು ಒಪ್ಪಿದ ಸುದ್ದಿ ಎಲ್ಲ ಬರುತ್ತಿದ್ದುದು ಅಲ್ಲಿಗೇ. ಬೀದಿಯವರು ತಮ್ಮ ಮೊಬೈಲ್ ನಂಬರನ್ನಾದರೂ ಮರೆತಾರು, ಅದನ್ನು ಮರೆಯುವವರಲ್ಲ.

"ನಿಮ್ಮನೆಯವರು ಇನ್ನೇನು ಇಟ್ಟಿರ್ತಾರೆ ಅಂತ ಹಾಕಿ ನೋಡಿದೆ ಕಣಕ್ಕ. ತಕ್ಷಣ ಬಿಡ್ತು!" ಎಂದು ಸುಕನ್ಯಾ ಒಂಚೂರೂ ನಾಚಿಕೆಯಿಲ್ಲದೆ ಹೇಳಿದ್ದಳು.

"ಬೇರೆ ಯಾವ್ದಾದ್ರೂ ನಂಬರ್ ಇಟ್ಟಿದ್ರೆ ಮುಗೀತಿತ್ತಲ್ರೀ" ಎಂದಳು ಶಾಂಭವಿ, ಸೀರೆಯನ್ನು ಮಡಿಸುತ್ತ.

"ನಂಬರಂತೆ! ಬರೆಯೋಕೆ ಬರೋದನ್ನೆಲ್ಲ ಕದಿಯೋಕೂ ಬರುತ್ತೆ ಕಣೇ. ಇದು ಹಾಡಿದ್ರೆ ತೆರೆಯೋ ಬೀಗ. ಗುಂಡಿ ಒತ್ತಿ ಒಂದ್ಸಲ ಹಾಡಿದ್ರೆ ಅದೇ ಪಾಸ್‌ವರ್ಡ್. ಆಮೇಲೆ ದನಿ ಅದೇ ಇರ್ಬೇಕು, ಹಾಡು ಅದೇ ಇರ್ಬೇಕು, ಹಾಡೋವಾಗಿನ ಮನಸ್ಸೂ ಅದೇ ಇರ್ಬೇಕು. ದನಿಯೊಳಗಿನ ನಡುಕ ಹಿಡಿದು ಮನಸ್ಸು ಅಳೆಯುತ್ತೆ. ಯಾರಾದ್ರೂ ಮನಸ್ಸು ಕದಿಯೋಕಾಗುತ್ತಾ, ಹೇಳು?"

ಅವರು ಗುಂಡಿ ಒತ್ತಿ, ರಿಸೀವರ್ ಹಿಡಿದು, ಕತ್ತೆತ್ತಿ ಹಾಡಿಯೇಬಿಟ್ಟರು. ಹಸಿರು ದೀಪ! ಮರುಗಳಿಗೆಯಲ್ಲೇ ಎದುರುಮನೆಯ ಧಡಧಡ ನಿಂತಿತು. ಮೂಲೆಯಂಗಡಿಯ ಹಿಂದಿ ಹಾಡು ಅರ್ಧಕ್ಕೇ ಕತ್ತರಿಸಿತು. ಬೀದಿಗೆ ಬೀದಿಯೇ ಖಾತೆಯಿಂದ ಹೊರಬಿದ್ದಿತ್ತು.

"ಈಗ ತೆಗೀರಿ, ಅತ್ತೆ ಊಟಕ್ಕೆ ಹೊತ್ತಾಯ್ತು" ಎಂದಳು ಶಾಂಭವಿ.

ನಿಜಗುಣಪ್ಪನವರು ಮತ್ತೆ ಹಾಡಿದರು. ಕೆಂಪು ದೀಪ. ಸ್ಪೀಕರಿನಿಂದ ಹಳೆಯ ಎಕ್ಸ್‌ಚೇಂಜಿನ ಹೆಣ್ಣುದನಿ ಬಹಳ ನಯವಾಗಿ ಹೇಳಿತು: "ಕ್ಷಮಿಸಿ. ದನಿ ಸರಿ. ಹಾಡು ಸರಿ. ಮನಸ್ಸು ಹೊಂದುತ್ತಿಲ್ಲ."

ಹೊಂದುವುದಾದರೂ ಹೇಗೆ? ಮೊದಲ ಸಲ ಹಾಡಿದ್ದು ಜಂಬದಿಂದ. ಎರಡನೆಯ ಸಲ ಹೆಂಡತಿ ಎದುರಿಗೆ ಕೈಕಟ್ಟಿ ನಿಂತಿದ್ದಳು, ಹಣೆ ಬೆವರುತ್ತಿತ್ತು. ಆಮೇಲಿನ ಸಲಗಳಲ್ಲಿ ದನಿಯೂ ಹೊಂದಲಿಲ್ಲ.

"ತಡಿ, ತಡಿ, ಹೊಸದಾಗಿ ಇಟ್ಬಿಡೋಣ" ಎಂದು ಅವರು ಗುಂಡಿ ಒತ್ತಿ ರಿಸೀವರ್ ಎತ್ತಿದರು. ಶಾಂಭವಿಯ ತಾಳ್ಮೆ ತಪ್ಪಿತು.

"ದೇವರು ಬುದ್ಧಿ ಹಂಚೋವಾಗ ನೀವು ಯಾವ ಟೆಲಿಫೋನ್ ಕಂಬ ಹತ್ತಿ ಕೂತಿದ್ರಿ? ಒಂದು ಪಾಸ್‌ವರ್ಡ್ ಬದಲಾಯ್ಸಿ ಅಂದ್ರೆ ಮನೇನೇ ಬದಲಾಯಿಸ್ತೀರಲ್ಲ!"

ಹಸಿರು ದೀಪ. "ಹೊಸ ಪಾಸ್‌ವರ್ಡ್ ಸ್ವೀಕರಿಸಲಾಗಿದೆ. ಧನ್ಯವಾದ."

ಶಾಂಭವಿ ಯಂತ್ರದತ್ತ ಬೆರಳು ಚಾಚಿದಳು.

"ನಾನು ಬೈದದ್ದು! ಹಾಡಲ್ಲ ಅದು!"

"ನಿನ್ನ ಬೈಗುಳಕ್ಕೆ ರಾಗ ಇದೆ ಅಂತ ನಾನು ಮೊದ್ಲಿಂದ್ಲೂ ಹೇಳ್ತಾ ಬಂದಿದೀನಿ" ಎಂದರು ನಿಜಗುಣಪ್ಪನವರು.

ಆ ಮಾತಿಗೆ ಇನ್ನಷ್ಟು ಕೋಪ ಬಂದು ಆಕೆ ಅದನ್ನೇ ಅಕ್ಷರ ಬಿಡದೆ ಇನ್ನೊಮ್ಮೆ ಬೈದಳು. ಖಾತೆ ತೆರೆಯಿತು, ಹಾರ್ಮೋನಿಯಂ ಮೊಳಗಿತು. ಮರಿಬಸಮ್ಮನವರು ತಟ್ಟೆ ಪೂರ್ತಿ ಉಂಡರು.

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ! ಹಾಡು ಮುಗಿದು ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ಬೀಗ ಹಾಕಿಕೊಳ್ಳುತ್ತಿತ್ತು. ಪ್ರತಿ ಊಟಕ್ಕೂ ಶಾಂಭವಿ ಗಂಡನನ್ನು ಬೈಯಬೇಕು, ಅದೂ ಮನಸಾರೆ. ಬೇರೆ ಪಾಸ್‌ವರ್ಡ್ ಇಟ್ಟರೂ ತೆರೆಯುವಾಗ ಅದೇ ಮನಸ್ಸು ಮತ್ತೆ ಬರಬೇಕಲ್ಲ, ಆ ಮನೆಯಲ್ಲಿ ತಪ್ಪದೆ ಬರುತ್ತಿದ್ದುದು ಕೋಪವೊಂದೇ. ಸುಮ್ಮನೆ ನಟಿಸಿದರೆ ಕೆಂಪು ದೀಪ. ಹಾಗಾಗಿ ಊಟದ ಹೊತ್ತಿಗೆ ಮುಂಚೆ ಆಕೆಗೆ ನಿಜವಾದ ಕೋಪ ಬರಿಸುವ ಹೊಣೆ ನಿಜಗುಣಪ್ಪನವರ ಮೇಲೆ ಬಿತ್ತು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿದರು. ಉಪ್ಪಿನಕಾಯಿ ಜಾಡಿಗೆ ಎಂಜಲು ಬೆರಳು ಅದ್ದಿದರು. ಕುಚ್ಚಿನ ದಾರಗಳನ್ನು ಬಣ್ಣ ನೋಡದೆ ಗಂಟುಹಾಕಿದರು. "ನಮ್ಮ ಅತ್ತಿಗೆ ಮಾಡೋ ಸಾರಿನ ರುಚಿ ಈ ಮನೇಲಿ ಒಂದಿನಾನೂ ಕಾಣ್ಲಿಲ್ಲ" ಎಂದರು. ಆವತ್ತು ಆಕೆ ಬಾಯಿ ತೆರೆಯುವ ಮೊದಲೇ ಹಸಿರು ದೀಪ ಹೊತ್ತಿತು! ಹೆಂಡತಿಗೆ ಕೋಪ ಬರಿಸುವುದು ಇಷ್ಟು ಮೈಮುರಿಯುವ ಕೆಲಸವೆಂದು ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದು ತಾನಾಗಿಯೇ ಆಗುತ್ತಿತ್ತು.

ಆದರೆ ಕೋಪವನ್ನು ಎಷ್ಟೆಂದು ಎಳೆಯಲು ಸಾಧ್ಯ? ಒಂದು ಬೆಳಿಗ್ಗೆ ಅವರು ರಾಗಿ ಹಿಟ್ಟಿನ ಡಬ್ಬಿಯನ್ನು ಬೇಕೆಂದೇ ಬೋರಲು ಹಾಕಿ, ಬೈಗುಳಕ್ಕಾಗಿ ಆಸೆಯಿಂದ ಕಾಯುತ್ತ ನಿಂತರು. ಮೀಸೆಯ ಮೇಲೆ ಹಿಟ್ಟು, ಹುಬ್ಬಿನ ಮೇಲೆ ಹಿಟ್ಟು. ಶಾಂಭವಿ ಬಾಯಿ ತೆರೆದಳು, ನಗು ಬಂದುಬಿಟ್ಟಿತು. ಈ ಮನುಷ್ಯ ತಾಯಿಯ ಎರಡು ತುತ್ತಿಗಾಗಿ ಏನೆಲ್ಲ ಮಾಡುತ್ತಿದ್ದಾನಲ್ಲ ಎನ್ನಿಸಿತು. ಅವನ ಮೇಲೆ ಇಷ್ಟು ಮಮತೆ ಬಂದು ಎಷ್ಟು ಕಾಲವಾಗಿತ್ತೋ! ಬರಬಾರದ ಹೊತ್ತಿನಲ್ಲಿ ಬಂದಿತ್ತು.

"ಕ್ಷಮಿಸಿ. ಮನಸ್ಸು ಹೊಂದುತ್ತಿಲ್ಲ."

ತಿಂಡಿಯ ಹೊತ್ತು ಕಳೆಯಿತು. ಮಧ್ಯಾಹ್ನವೂ ಅದೇ ಗತಿ. ಶಾಂಭವಿ ಹಳೆಯ ಜಗಳಗಳನ್ನೆಲ್ಲ ನೆನಪಿಸಿಕೊಂಡು ಬೈದಳು, ತವರಿನವರಿಗೆ ಆದ ಅವಮಾನಗಳನ್ನು ಕೆದಕಿ ಬೈದಳು. ದೀಪ ಕೆಂಪಗೇ ಇತ್ತು. ಆ ಹಾಡಿಲ್ಲದೆ ಮರಿಬಸಮ್ಮನವರು ಮೊಸರನ್ನದ ತಟ್ಟೆಯನ್ನು ದೂರ ತಳ್ಳಿ ಗೋಡೆಯ ಕಡೆ ಮುಖ ಮಾಡಿದರು. ಅವರ ಕುತ್ತಿಗೆಯ ಮೂಳೆಗಳು ಎದ್ದು ಕಾಣುತ್ತಿದ್ದವು. ಶಾಂಭವಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

"ನನ್ನ ಕೈಲಿ ಬೈಯೋಕಾಗ್ತಿಲ್ಲ ಕಣ್ರೀ" ಎಂದು ಅತ್ತಳು.

ನಿಜಗುಣಪ್ಪನವರು ಗಡಿಬಿಡಿಯಲ್ಲಿ ಗುಂಡಿ ಒತ್ತಿ ರಿಸೀವರನ್ನು ಆಕೆಯ ಮುಂದೆ ಹಿಡಿದರು. "ಅಳು, ಅಳು. ಇದನ್ನೇ ಇಟ್ಬಿಡೋಣ."

"ಅಂದ್ರೆ ನಾನು ದಿನಾ ಹೊತ್ತೊತ್ತಿಗೂ ಅಳ್ತಾ ಕೂರ್ಲಾ?"

ರಾಗವಿಲ್ಲದ ಆ ಮಾತುಗಳಿಗೆ ಯಂತ್ರದ ದೀಪ ಹೊತ್ತಲಿಲ್ಲ. ನಿಜಗುಣಪ್ಪನವರು ಒತ್ತಿದ ಗುಂಡಿಯ ನೆನಪೂ ಇಲ್ಲದೆ ರಿಸೀವರನ್ನು ನೆಲದ ಮೇಲಿಟ್ಟು, ತಾವೂ ಚಕ್ಕಳಮಕ್ಕಳ ಹಾಕಿ ಕೂತರು. ತಾಯಿ ಉಣ್ಣದೆ ಅವರೂ ಬೆಳಿಗ್ಗೆಯಿಂದ ಏನೂ ಮುಟ್ಟಿರಲಿಲ್ಲ. ನಿಜವಾಗಿ ಅವರ ಮುಖ ನೋಡಲಾಗುತ್ತಿರಲಿಲ್ಲ. ಇಡೀ ಊರಿನ ಫೋನು ರಿಪೇರಿ ಮಾಡಿಕೊಟ್ಟಿದ್ದ ಮನುಷ್ಯನಿಗೆ ತನ್ನ ತಾಯಿಗೊಂದು ತುತ್ತು ಉಣಿಸಲು ಬರಲಿಲ್ಲವಲ್ಲ ಎಂಬ ಸೋಲು ಅದರಲ್ಲಿ ಕಾಣುತ್ತಿತ್ತು.

ಮರಿಬಸಮ್ಮನವರು ತಿರುಗಿ ನೋಡಿದರು. ಎದುರು ಕೂತವನು ಮಗನೆಂದು ಅವರಿಗೆ ತಿಳಿದಂತೆ ಕಾಣಲಿಲ್ಲ. ಆದರೆ ಅದು ಹಸಿದ ಮುಖ ಎನ್ನುವುದು ತಿಳಿಯಿತು.

"ಯಾಕ್ಲಾ ಮಗ, ಹೊಟ್ಟೆ ಹಸೀತೇನ್ಲಾ?"

ತಳ್ಳಿದ್ದ ತಟ್ಟೆಯನ್ನು ತಾವೇ ಎಳೆದುಕೊಂಡರು. ನಡುಗುವ ಬೆರಳುಗಳಲ್ಲಿ ಅನ್ನವನ್ನು ಮತ್ತೆ ಕಲಸಿ, ತುತ್ತು ಕಟ್ಟಿ, ಕೈ ಮುಂದೆ ಚಾಚಿ ಹಾಡಿದರು:

"ಅನ್ನದ ರೈಲು ಬಂತಲ್ಲೋ,
ಬಾಯಿ ಗೇಟು ತೆಗೆಯಲ್ಲೋ!"

ಯಾವ ಆ್ಯಪ್‌ನಲ್ಲೂ ಸಿಗದ ಹಾಡು ಅದು. ಸ್ಟೇಷನ್ ಹಿಂದಿನ ಈ ಮನೆಯಲ್ಲಿ, ಊಟವೆಂದರೆ ಓಡಿಹೋಗುತ್ತಿದ್ದ ಮಗನಿಗಾಗಿ ಅವರೇ ಕಟ್ಟಿಕೊಂಡದ್ದು. ನಿಜಗುಣಪ್ಪನವರು ಅರವತ್ತು ದಾಟಿದ ಬಾಯನ್ನು ತೆರೆದರು. ತುತ್ತು ಒಳಗೆ ಹೋಯಿತು, ಕಣ್ಣೀರು ಹೊರಗೆ ಬಂತು. ಮುಂದಿನ ತುತ್ತಿಗೆ ಅವರಿಂದ ಬಾಯಿ ತೆರೆಯಲಾಗಲಿಲ್ಲ. ಹಟ ಮಾಡುವ ಮಕ್ಕಳಿಗೆ ಎಲ್ಲ ತಾಯಂದಿರೂ ಏನು ಮಾಡುತ್ತಾರೋ ಮರಿಬಸಮ್ಮನವರೂ ಅದನ್ನೇ ಮಾಡಿದರು. ಆ ತುತ್ತನ್ನು ತಮ್ಮ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದರು.

"ನೋಡು, ಅವ್ವ ತಿಂದ್ಲು. ಈಗ ನೀನು."

ಅವನಿಗೊಂದು, ತಮಗೊಂದು. ತಟ್ಟೆ ಬರಿದಾಯಿತು. ಶಾಂಭವಿ ಇನ್ನಷ್ಟು ಅನ್ನ ಬಡಿಸಿದಳು, ಅದೂ ಬರಿದಾಯಿತು. "ಹೊಸ ಪಾಸ್‌ವರ್ಡ್ ಸ್ವೀಕರಿಸಲಾಗಿದೆ. ಧನ್ಯವಾದ" ಎಂದು ನೆಲದ ಮೇಲಿನ ರಿಸೀವರ್ ಕೇಳಿಸಿಕೊಂಡ ಹಾಡಿಗೆ ಸ್ಪೀಕರ್ ಉತ್ತರ ಕೊಟ್ಟದ್ದು ಯಾರ ಕಿವಿಗೂ ಬೀಳಲಿಲ್ಲ. ಅದು ತಿಳಿದದ್ದು ಮುಂದಿನ ಊಟಕ್ಕೆ ಅವರು ಹಾಡಿ ಹಸಿರು ದೀಪ ಹೊತ್ತಿದಾಗ.

ಈಗ ಖಾತೆ ತೆರೆಯಬೇಕಾದರೆ ಮರಿಬಸಮ್ಮನವರು ಹಾಡಬೇಕು. ಅವರು ಹಾಡಬೇಕಾದರೆ ಎದುರಿಗೆ ಯಾರಾದರೂ ಹಸಿದು ಕೂರಬೇಕು. ದನಿ ನಡುಗಲಿ, ದಿನ ಯಾವುದೆಂದು ಮರೆಯಲಿ, ಯಂತ್ರ ಒಮ್ಮೆಯೂ ತಕರಾರು ಎತ್ತಲಿಲ್ಲ. ತಮ್ಮ ಹೆಸರನ್ನೇ ಮರೆತವರಿಗೆ ಆ ಮನಸ್ಸೊಂದು ಮಾತ್ರ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಉಳಿದದ್ದು ಹೇಗೆ ಎಂದು ಶಾಂಭವಿ ಕುಚ್ಚು ಕಟ್ಟುತ್ತ ಎಷ್ಟೋ ಸಲ ಯೋಚಿಸಿದಳು.

ಹಾಡಿಲ್ಲದೆ ಕಂಗಾಲಾಗಿದ್ದ ಸುಕನ್ಯಾ ಒಂದು ಸಂಜೆ ದೂರು ಹೇಳಲು ಬಂದಳು. "ಏನವ್ವ, ಇಷ್ಟು ಸೊರಗಿದೀಯ!" ಎಂದು ಮರಿಬಸಮ್ಮನವರು ಕೈತುತ್ತು ಚಾಚಿದರು. ಜನ್ಮದಲ್ಲಿ ಮೊದಲ ಸಲ ಆ ಮಾತು ಕೇಳಿದ ಸುಕನ್ಯಾ ಅಲ್ಲೇ ಕೂತಳು. ಹಸಿರು ದೀಪ! ಅವಳ ಮೊಬೈಲಿನಲ್ಲಿ ಹಾಡು ತೆರೆಯಿತು. ಸುದ್ದಿ ಹಬ್ಬಿ ಇಲಿಯಾಸ್ ಸಾಹೇಬರು ಕುತ್ತಿಗೆಯ ಅಳತೆ ಟೇಪಿನ ಸಮೇತ ಬಂದರು. ಅವರ ಹಿಂದೆ ಬೀದಿಯೆಲ್ಲ ಬಂತು. ಯಾರನ್ನು ಹೊರಗಿಡಲು ನಿಜಗುಣಪ್ಪನವರು ಬೀಗ ಕಂಡುಹಿಡಿದಿದ್ದರೋ ಅವರೆಲ್ಲ ಈಗ ನಡುಮನೆಯಲ್ಲಿ ಸಾಲಾಗಿ ಕೂತು ಸರದಿಯಂತೆ ಬಾಯಿ ತೆರೆಯುತ್ತಾರೆ! ನಡುವೆ ಯಾರಾದರೂ ಬೇಡವೆಂದರೆ ಅಜ್ಜಿ ತಾವು ತಿಂದು ತೋರಿಸುತ್ತಾರೆ. ಹಾಗಾಗಿ ಬೇಡ ಎನ್ನುವುದಕ್ಕೂ ಸರದಿಯಿದೆ. ನಾಟಕದ ಹಾಡನ್ನು ಹಾಕುವುದು ಯಾರಿಗೂ ನೆನಪಾಗಲಿಲ್ಲ. ತೂಕ ನೋಡಿದ ಡಾಕ್ಟರು ಯಾವ ಟಾನಿಕ್ ಕೊಟ್ಟಿರಿ ಎಂದು ಕೇಳಿದರು.

ಮೊನ್ನೆ ಸಂಜೆ, ಹಾಗೆ ಎಲ್ಲರೂ ಕೂತಿದ್ದಾಗ, ನಿಜಗುಣಪ್ಪನವರ ಕಣ್ಣು ಹೊಳೆಯಿತು.

"ಶಾಂಭವಿ, ಒಂದು ಸಣ್ಣ ತಿದ್ದುಪಡಿ ಹೊಳೀತು ಕಣೇ! ಅವ್ವನ ದನೀನ ಒಂದ್ಸಲ ರೆಕಾರ್ಡ್ ಮಾಡಿ ಯಂತ್ರದೊಳಗೇ ಕೂರಿಸ್ಬಿಟ್ರೆ, ಇಷ್ಟೆಲ್ಲ ಜನ ಬಂದು ಹೀಗೆ..."

"ಮಾತು ಸಾಕು ರೀ" ಎಂದಳು ಶಾಂಭವಿ. "ಬಾಯಿ ತೆಗೀರಿ. ಅತ್ತೆ ಆಗಿಂದ ತುತ್ತು ಹಿಡ್ಕೊಂಡು ಕಾಯ್ತಾ ಇದಾರೆ."