ಕಷ್ಟಪಟ್ಟು ಬೆಳೆದ ದ್ರಾಕ್ಷಿ

ಜರಗನಹಳ್ಳಿಯ ಪಿಳ್ಳಣ್ಣನವರ ಕಟ್ಟಡದಲ್ಲಿ ಮೂರನೇ ಮಹಡಿಗೆ ನೀರು ಬರುವುದು ಬೆಳಗ್ಗೆ ಮಾತ್ರ, ಅದೂ ಓನರ್ ಮನಸ್ಸು ಮಾಡಿ ಮೋಟರ್ ಹಾಕಿದರೆ. ಏಪ್ರಿಲ್ ಬಂದ ಮೇಲೆ ಆ ಮನಸ್ಸೂ ಬತ್ತತೊಡಗಿತ್ತು. ಅಂದು ಬಾಡಿಗೆದಾರ ಪ್ರಸನ್ನನ ಹೆಂಡತಿ ವನಿತಾ ತಲೆಗೆ ಶಾಂಪೂ ಹಚ್ಚಿಕೊಂಡ ಹೊತ್ತಿಗೇ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಇವತ್ತೇ ಓನರ್ ಹತ್ತಿರ ಮಾತಾಡಿ ಸಂಜೆಯೂ ನೀರು ಬಿಡಿಸದಿದ್ದರೆ ತಾನು ಬನಶಂಕರಿಯ ತವರಿಗೆ ಹೊರಡುವುದಾಗಿ ಅವಳು ನೊರೆಯ ತಲೆಯಲ್ಲೇ ಘೋಷಿಸಿದಳು.

ಕೆಳಮನೆಯ ಭೀಮೇಶ್ ಕೇಳದಿದ್ದರೂ ಸಲಹೆ ಕೊಡುವ ಪುಣ್ಯಾತ್ಮ. ಪ್ರಸನ್ನನ ಬಾಸ್ ಇಟಲಿಯಿಂದ ತಂದುಕೊಟ್ಟಿದ್ದ ಬರೋಲೋ ವೈನನ್ನು ಪಿಳ್ಳಣ್ಣನವರಿಗೆ ಅರ್ಪಿಸಬೇಕೆಂದ.

"ಸುಮ್ನೆ ಕೊಟ್ರೆ ದ್ರಾಕ್ಷಿ ಜ್ಯೂಸ್ ಅಂದ್ಕೋತಾರೆ ಗುರು. ಮೊದ್ಲು ಅದರ ಮಹಿಮೆ ಹೇಳು, ಆಮೇಲೆ ನೀರು ಕೇಳು."

ಪ್ರಸನ್ನ ಇಡೀ ದಿನ ಆಫೀಸಿನಲ್ಲಿ ಕೆಲಸ ಬಿಟ್ಟು ಮಹಿಮೆ ಓದಿದ. ಕೆಲಸ ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ಸಂಜೆ ಬಾಟಲಿ ಹಿಡಿದು, ಭೀಮೇಶನ ಜೊತೆ ಪಿಳ್ಳಣ್ಣನವರ ಹಾಲ್‌ನಲ್ಲಿ ಕೂತು ಶುರು ಮಾಡಿದ. ಪಿಯೆಮೊಂತೆ ಎಂಬ ಸೀಮೆ, ಸುಣ್ಣ ಬೆರೆತ ಜೇಡಿಮಣ್ಣಿನ ಗುಡ್ಡಗಳು, ಕುಯ್ಲಿನ ಕಾಲಕ್ಕೆ ಕವಿಯುವ ಮಂಜು, ಅದರೊಳಗೆ ನಿಧಾನವಾಗಿ ಹಣ್ಣಾಗುವ ನೆಬ್ಬಿಯೋಲೋ ದ್ರಾಕ್ಷಿ, ಅಜ್ಜಂದಿರ ಪದ್ಧತಿಯಂತೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ವಾಸ. ಪಿಳ್ಳಣ್ಣ ಒಂದು ಗುಟುಕು ಕುಡಿದು, ಕಷಾಯ ನುಂಗಿದ ಮಗುವಿನಂತೆ ಮುಖ ಮಾಡಿ, ಒಗರು ಅಂದರು. ಒಗರೇ ಅದರ ಘನತೆ ಎಂದ ಪ್ರಸನ್ನ. ಮಿಕ್ಕ ಘನತೆಯನ್ನು ಭೀಮೇಶ್ ಒಬ್ಬನೇ ಮುಗಿಸಿದ.

ಓನರ್ ಹೆಂಡತಿ ತಿಮ್ಮಕ್ಕ ಒಂದು ಕಾಲಕ್ಕೆ ಇದೇ ಜಾಗದಲ್ಲಿ ಸೊಪ್ಪು ಬೆಳೆದವರು. "ಬಳ್ಳಿಗೆ ನೀರು ಎಷ್ಟು ಕಟ್ತಾರಪ್ಪ?" ಎಂದು ಕೇಳಿದರು.

ಪ್ರಸನ್ನನಿಗೆ ಹುರುಪು ಬಂತು. "ಕಟ್ಟೋದೇ ಇಲ್ಲ ಆಂಟಿ, ಅದೇ ಅಲ್ಲಿನ ಸಂಪ್ರದಾಯ. ನೀರು ಸಿಗದಿದ್ರೆ ಬೇರು ಆಳಕ್ಕೆ ಹೋಗುತ್ತೆ. ಕಷ್ಟಪಟ್ರೇನೇ ರುಚಿ. ಧಾರಾಳವಾಗಿ ಕೊಟ್ರೆ ಹಾಳಾಗಿಬಿಡುತ್ತೆ."

ಭೀಮೇಶ್ ಅವನ ಕಾಲು ತುಳಿದ. ತುಳಿದದ್ದು ತಡವಾಗಿತ್ತು.

ಪಿಳ್ಳಣ್ಣ ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯಾ? ಇವತ್ತಿಂದ ಸಂಜೇನೂ ಮೋಟರ್ ಹಾಕಿ, ಪಾಪ, ಅಂತ ಬೆಳಗ್ಗಿಂದ ನನ್ನ ಪ್ರಾಣ ತಿಂದೆ. ನಾನೂ ಒಪ್ಕೊಂಡ್ಬಿಟ್ಟಿದ್ದೆ. ಸದ್ಯ, ಓದಿದೋರು ಬಂದು ಬುದ್ಧಿ ಹೇಳಿದ್ರು."

ಆ ಮಾತು ಬಳ್ಳಿಗೆ ಮಾತ್ರ, ಬಾಡಿಗೆಯವರಿಗಲ್ಲ ಎಂದು ಪ್ರಸನ್ನ ಬಡಕೊಂಡ. ಯಾರಾದರೂ ಒಂದೇ, ಧಾರಾಳ ಮಾಡಿದರೆ ಕೆಡುತ್ತಾರೆ ಎಂದರು ಪಿಳ್ಳಣ್ಣ. ತಿಮ್ಮಕ್ಕನಿಗೆ ಮಾತ್ರ ಕನಿಕರ ಹುಟ್ಟಿತು. ಖಾಲಿ ಬಾಟಲಿ ತೊಳೆದು, ನೀರು ತುಂಬಿ, ಅವನ ಕೈಗಿಟ್ಟರು.

ಮೇಲೆ ಬಾಗಿಲಲ್ಲಿ ವನಿತಾ ಬಕೆಟ್ ಹಿಡಿದು ನಿಂತಿದ್ದಳು. "ಇಷ್ಟೇನಾ?" ಎಂದಳು.

"ಬಾಟಲಿ ಇಟಲಿದು ಕಣೇ," ಎಂದ ಪ್ರಸನ್ನ.

ವನಿತಾ ಬಕೆಟ್ ಕೆಳಗಿಟ್ಟು ಸೂಟ್‌ಕೇಸ್ ಎತ್ತಿಕೊಂಡಳು.